ದೋಣಿ ಮೊದಲೋ, ಹೊಸಿಲು ಮೊದಲೋ

ಗಂಡಸಿನ ನೆಮ್ಮದಿ ಹಾಳಾಗುವುದಕ್ಕೆ ಲೋಕದಲ್ಲಿ ನಾನಾ ಕಾರಣಗಳಿವೆ. ಇಸ್ಪೀಟು, ಸೋರುವ ನಲ್ಲಿ, ಪಕ್ಕದ ಮನೆಯವರ ರೇಡಿಯೋ. ನನ್ನ ನೆಮ್ಮದಿಗೆ ಕಲ್ಲು ಹಾಕಿದವನು ಮಾತ್ರ ಹುಟ್ಟಿಯೇ ಇಲ್ಲದ ಒಬ್ಬ ಹುಡುಗ. ಅವನು ಇರುವುದು ಆರು ದಪ್ಪ ಸಂಪುಟಗಳೊಳಗೆ. ಏಳನೆಯದು, ಅಂದರೆ ಕೊನೆಯದು, ಇನ್ನೂ ಬರಬೇಕಿತ್ತು. ಅದು ಬಂದಾಗ ಅವನ ಗತಿ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ನಡೆದ ಮಹಾಸಂಗ್ರಾಮದಲ್ಲಿ ಪೆಟ್ಟು ತಿಂದ ಏಕೈಕ ವ್ಯಕ್ತಿ ನಾನು. ಅದೂ ಆ ಪುಸ್ತಕ ಓದದೇ ಇದ್ದವನು!

ನಾನು ಪುಸ್ತಕ ಕಟ್ಟುವವನು. ಪ್ರೆಸ್ಸಿನಲ್ಲಿ ಬೈಂಡರ್. ಓದುವ ಅಭ್ಯಾಸ ಇಟ್ಟುಕೊಂಡಿಲ್ಲ. ಮಿಠಾಯಿ ಮಾಡುವವನು ಮನೆಗೆ ಬಂದು ಮಿಠಾಯಿ ತಿನ್ನುತ್ತಾನೆಯೇ? ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ನಾನು ಕಾಗದ ಹೊಲಿಯುತ್ತೇನೆ, ಅವಳು ಬಟ್ಟೆ ಹೊಲಿಯುತ್ತಾಳೆ, ಒಟ್ಟಿನಲ್ಲಿ ನಮ್ಮದು ಸೂಜಿದಾರದ ಸಂಸಾರ. (ಸೂಜಿ ಯಾರು, ದಾರ ಯಾರು ಎಂದು ಕೇಳಬೇಡಿ. ಚುಚ್ಚುವವರು ಯಾರು, ಹಿಂದೆ ಹಿಂದೆ ಹೋಗುವವರು ಯಾರು ಎಂದು ಯೋಚಿಸಿದರೆ ತಾನೇ ತಿಳಿಯುತ್ತದೆ.) ನಮ್ಮ ಜೊತೆಗೇ ಇರುವ ಅತ್ತೆಯವರು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಊರಿನ ಅರ್ಧ ಜನರನ್ನು ಕೈಯಾರೆ ಭೂಮಿಗೆ ಇಳಿಸಿಕೊಂಡಿದ್ದಾರೆ. ಹಾಗಾಗಿ ಅವರಿಗೆ ಊರಿನಲ್ಲಿ ಯಾರ ಮೇಲೂ ಅಂಥ ಗೌರವವೇನೂ ಇಲ್ಲ.

ಇನ್ನು ಮಗಳು. ಮೊದಲ ಸಂಪುಟ ಬಂದಾಗ ಆ ಹುಡುಗನಿಗೆ ಹತ್ತು ವರ್ಷ, ಇವಳಿಗೂ ಹತ್ತು. ವರ್ಷಕ್ಕೊಂದು ಸಂಪುಟ, ಸಂಪುಟಕ್ಕೊಂದು ವರ್ಷ. ಇಬ್ಬರೂ ಒಟ್ಟಿಗೇ ಬೆಳೆದರು. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರಕ್ಕೆ ಗೆರೆ ಹಾಕುತ್ತಿದ್ದೆವಲ್ಲ, ಪಕ್ಕದಲ್ಲೇ ಅವನಿಗೂ ಒಂದು ಗೆರೆ ಹಾಕುತ್ತಿದ್ದಳು. ಒಂದು ವರ್ಷ ಅವನೇ ಎತ್ತರವಾಗಿಬಿಟ್ಟ ಎಂದು ಎರಡು ಹೊತ್ತು ಊಟ ಬಿಟ್ಟಿದ್ದಳು.

ಕಥೆ ನನಗೆ ತಿಳಿದ ಮಟ್ಟಿಗೆ ಹೀಗೆ. ಗುಡ್ಡದ ಮೇಲೆ ತಾಯಿ ಮಗ. ಮಗ ದಿನಾ ಬೆಳಿಗ್ಗೆ ಗುಡ್ಡದ ತುದಿಗೆ ಹೋಗಿ ಕೂಗುತ್ತಾನೆ, ಎದುರು ಬೆಟ್ಟದಿಂದ ಮಾರ್ದನಿ ಬರುತ್ತದೆ. ಒಂದು ದಿನ ಬರಲಿಲ್ಲ. ಮೌನದ ರಾಣಿ ಅದನ್ನು ಕದ್ದು ಜಾಡಿಯಲ್ಲಿ ಮುಚ್ಚಿಟ್ಟಿದ್ದಾಳಂತೆ. ಅದನ್ನು ಹುಡುಕಿಕೊಂಡು ಈ ಮಹಾಶಯ ಮಾತಾಡುವ ಒಂದು ಹೇಸರಗತ್ತೆಯ ಜೊತೆ ಹೊರಟವನು ಆರು ಸಂಪುಟವಾದರೂ ಮನೆಗೆ ಬಂದಿಲ್ಲ.

"ಅಲ್ಲ, ಮಾರ್ದನಿ ಹೋದ್ರೆ ಏನೀಗ? ನಮ್ಮ ಬಚ್ಚಲುಮನೆಗೆ ಬಂದು ಕೂಗಲಿ. ಅಲ್ಲಿ ನಾನು ಕೆಮ್ಮಿದ್ರೂ ಎರಡು ಸಲ ಕೇಳುತ್ತೆ," ಎಂದು ನಾನು ಒಮ್ಮೆ ಪರಿಹಾರ ಸೂಚಿಸಿದ್ದೆ.

ಮೂವರೂ ನನ್ನನ್ನು ನೋಡಿದರು. "ನೀವು ಚಹಾ ಕುಡೀರಿ," ಎಂದಳು ಹೆಂಡತಿ.

ಏಳನೇ ಸಂಪುಟ ನಮ್ಮ ಪ್ರೆಸ್ಸಿಗೇ ಅಚ್ಚಿಗೆ ಬಂದಿದೆ ಎಂದು ನಾನು ಬಾಯಿತಪ್ಪಿ ಹೇಳಿದ ದಿನದಿಂದ ಮನೆ ಮೂರು ಪಕ್ಷವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ. ಅದರಲ್ಲೂ ಹೊಲಿಯುವವಳು, ಹೆರಿಗೆ ಮಾಡಿಸುವವರು ಇಬ್ಬರೂ ಮನೆಯಲ್ಲೇ ಇದ್ದರೆ ಕೇಳಬೇಕೆ?

"ಆ ತಾಯಿ ಆರು ಸಂಪುಟದಿಂದ ಬಾಗಿಲು ತೆಗೆದಿಟ್ಟುಕೊಂಡು ಕಾಯ್ತಿದ್ದಾಳೆ. ಹುಡುಗ ಮನೆಗೆ ಬಂದೇ ಬರ್ತಾನೆ," ಎಂದಳು ಹೆಂಡತಿ, ಮಷೀನಿನಿಂದ ತಲೆಯೆತ್ತದೆ. "ಬರದೇ ಇದ್ರೆ ಬರೆದವನ ಬೆರಳಿಗೆಲ್ಲ ಹೊಲಿಗೆ ಹಾಕ್ತೀನಿ."

"ಅಮ್ಮಾ, ಅವನೇನು ಹತ್ತು ವರ್ಷದ ಮಗುವಾ? ದೋಣಿಯ ಅಜ್ಜ ಮೂರನೇ ಸಂಪುಟದಲ್ಲೇ ಹೇಳಿಲ್ವಾ, ನಿನಗೆ ಅಂತ ಒಂದು ಜಾಗ ಖಾಲಿ ಇಟ್ಟಿರ್ತೀನಿ ಅಂತ? ಅವನು ದೋಣಿ ಹತ್ತಿ ಹೋಗ್ತಾನೆ. ದೊಡ್ಡವರಾಗೋದು ಅಂದ್ರೇನೇ ಹೋಗೋದು."

"ಎರಡೂ ಇಲ್ಲ," ಎಂದರು ಅತ್ತೆ. "ಹುಡುಗ ಸಾಯ್ತಾನೆ."

"ಅಜ್ಜೀ!"

"ಕಿರುಚಿದ್ರೆ ರೋಗ ಹೋಗುತ್ತೇನೇ? ನಾಲ್ಕನೇ ಸಂಪುಟದಿಂದ ಕೆಮ್ತಿದ್ದಾನೆ. ಮಂತ್ರವಾದಿಗಳು ಅಷ್ಟು ಜನ ಇದ್ದಾರಲ್ಲ, ಒಬ್ಬನಾದ್ರೂ ಎದೆಗೆ ಕಿವಿಯಿಟ್ಟು ನೋಡಿದ್ನಾ?"

ಸುಮ್ಮನೆ ಕೂತರೆ ಮರ್ಯಾದೆಯಲ್ಲ ಎಂದು ನಾನೂ ಒಂದು ಮಾತು ಹಾಕಿದೆ. "ಮತ್ತೆ ಆ ಹೇಸರಗತ್ತೆ ಕೊನೆಗೆ ಏನಾಗುತ್ತೆ?"

"ಅದು ಹೋಗಿ ಎರಡು ಸಂಪುಟ ಆಯ್ತು ರೀ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಸಾವಿನ ಮನೆಗೆ ಹೋಗಿ ಸತ್ತವರ ಆರೋಗ್ಯ ವಿಚಾರಿಸಿದ ಹಾಗಾಯಿತು ನನ್ನ ಕಥೆ.

ಇಷ್ಟೇ ಆಗಿದ್ದರೆ ನಾನು ಚಹಾ ಕುಡಿದುಕೊಂಡೇ ಕಾಲ ತಳ್ಳುತ್ತಿದ್ದೆ. ಆದರೆ ಈ ಜಗಳದ ಹೊಟ್ಟೆಯಲ್ಲಿ ಇನ್ನೊಂದು ಜಗಳವಿತ್ತು. ಮಗಳಿಗೆ ಬೇರೆ ಊರಿನ ಚಿತ್ರಕಲಾ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ರೈಲಿನಲ್ಲಿ ಇಡೀ ಒಂದು ಹಗಲಿನ ದಾರಿ, ಹಾಸ್ಟೆಲ್ಲಿನಲ್ಲಿ ಇರಬೇಕು. ಅವಳ ಅಮ್ಮನಿಗೆ ಸುತರಾಂ ಒಪ್ಪಿಗೆಯಿಲ್ಲ. "ಚಿತ್ರ ಬರೆಯೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲಿ ಗೋಡೆ ಇಲ್ವಾ?" ಎಂಬುದು ಅವಳ ವಾದ. ಮಗಳು ಅತ್ತಳು, ಕೂಗಾಡಿದಳು, ಕೊನೆಗೊಂದು ದಿನ ಅಮ್ಮನ ಮಷೀನಿನ ಎದುರು ಬಂದು ನಿಂತಳು.

"ಅಮ್ಮಾ, ಪಂದ್ಯ. ಪುಸ್ತಕದ ಕೊನೇಲಿ ಅವನು ದೋಣಿ ಹತ್ತಿದ್ರೆ ನಾನು ಹೋಗ್ತೀನಿ. ಮನೆಗೆ ಬಂದ್ರೆ ಇಲ್ಲೇ ಇರ್ತೀನಿ. ಮತ್ತೆ ಒಂದು ಮಾತೂ ಆಡಲ್ಲ."

"ಸರಿ," ಎಂದಳು ಹೆಂಡತಿ, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡುಮಾಡುತ್ತ.

"ಸತ್ರೆ?" ಎಂದು ಅತ್ತೆ ಕೇಳುವಷ್ಟರಲ್ಲಿ ತಾಯಿ ಮಗಳು ಕೈ ಕುಲುಕಿಯಾಗಿತ್ತು. ನನ್ನನ್ನಂತೂ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ! ನಿಮ್ಮಲ್ಲಿ ಮುಚ್ಚುಮರೆ ಏಕೆ, ಮಗಳು ಹೋಗುವುದು ನನಗೂ ಇಷ್ಟವಿರಲಿಲ್ಲ. ಹೋಗಬಾರದು ಎನ್ನುವ ಧೈರ್ಯವೂ ಇರಲಿಲ್ಲ.

ಈಗ ಪ್ರೆಸ್ಸಿನ ಪದ್ಧತಿ ಸ್ವಲ್ಪ ಹೇಳಬೇಕು. ಪುಸ್ತಕ ಅಚ್ಚಾಗಿ ನಮ್ಮ ಕೈಗೆ ಬರುವುದು ಫಾರಂ ಫಾರಂ ಆಗಿ. ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಕಟ್ಟು. ಅದೇ ಒಂದು ಫಾರಂ. ಮೇಜಿನ ಮೇಲೆ ಸಾಲಾಗಿ ಗುಡ್ಡೆ ಹಾಕಿರುತ್ತಾರೆ. ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿಕೊಂಡು, ಜೋಡಿಸಿ, ಹೊಲಿದು, ಬೆನ್ನಿಗೆ ಗೋಂದು ಬಳಿದು ರಟ್ಟು ಹಾಕುತ್ತೇವೆ. ಸರದಿ ತಪ್ಪಬಾರದೆಂದು ಪ್ರತಿ ಫಾರಮಿನ ಬೆನ್ನಿನ ಮೇಲೂ ಒಂದು ಕಪ್ಪು ಗುರುತು, ಹಿಂದಿನದಕ್ಕಿಂತ ಒಂದು ಚೂರು ಕೆಳಗೆ. ಸರಿಯಾಗಿ ಜೋಡಿಸಿದರೆ ಬೆನ್ನಿನ ಮೇಲೆ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ರಟ್ಟು ಹಾಕಿದ ಮೇಲೆ ಅದು ಒಳಗೆ ಮುಚ್ಚಿಹೋಗುತ್ತದೆ. ಪುಟಸಂಖ್ಯೆ ಇಲ್ಲವೇ ಎನ್ನುತ್ತೀರಿ. ಈ ಪುಸ್ತಕಕ್ಕೆ ಇರಲಿಲ್ಲ! ಕಥೆ ಈಗ ಮೌನದ ನಾಡಿನಲ್ಲಿ ನಡೆಯುತ್ತದೆ, ಅಲ್ಲಿ ಎಣಿಸುವವರೇ ಇಲ್ಲ, ಆದ್ದರಿಂದ ಪುಟಕ್ಕೂ ಅಧ್ಯಾಯಕ್ಕೂ ಸಂಖ್ಯೆ ಹಾಕಕೂಡದು ಎಂದು ಬರೆದವನ ಅಪ್ಪಣೆಯಂತೆ. ಅಂಥವನ ಬೆರಳಿಗೆ ಹೊಲಿಗೆ ಹಾಕುವುದೇ ಸರಿ.

ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಯಾವುದೇ ಪುಸ್ತಕ ಮುಗಿದ ಮೇಲೆ, ಉಳಿದ ಫಾರಂಗಳಿಂದ ಪ್ರತಿ ಬೈಂಡರನೂ ತನ್ನ ಮನೆಗೆ ಒಂದು ಪ್ರತಿ ಕಟ್ಟಿಕೊಳ್ಳಬಹುದು. ಆದರೆ ಬಿಡುಗಡೆಯಾಗುವವರೆಗೆ ಒಂದಕ್ಷರ ಓದಕೂಡದು ಎಂದು ಮೇಸ್ತ್ರಿಯ ಕಟ್ಟಪ್ಪಣೆ. ಬೇರೆಯವರಿಗೆ ಅದು ಶಿಕ್ಷೆ, ನನಗೆ ವರ. ಆದರೆ ನಾನು ನನ್ನ ಪ್ರತಿ ಕಟ್ಟಬೇಕಿದ್ದ ದಿನ ಬೆಳಿಗ್ಗೆ ಡಬ್ಬಿ ಕಟ್ಟಿಕೊಡುತ್ತ ಹೆಂಡತಿ, "ರೀ, ಒಂದೇ ಒಂದು ಸಾಲು ನೋಡ್ಕೊಂಡು ಬನ್ನಿ, ಕೊನೇದು," ಎಂದಿದ್ದಳು. ಗೇಟಿನ ಹತ್ತಿರ ಮಗಳು, "ಅಪ್ಪಾ, ನೋಡ್ಬೇಡ. ನೋಡಿದ್ರೂ ಅಮ್ಮಂಗೆ ಹೇಳ್ಬೇಡ. ಆದ್ರೆ ನೋಡು," ಎಂದಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕೊನೆಯ ಎರಡು ಅಧ್ಯಾಯ, ಒಂದೊಂದಕ್ಕೆ ಒಂದೊಂದು ಫಾರಂ. ನನ್ನ ಪ್ರತಿಯನ್ನು ಜೋಡಿಸುವಾಗ ಆ ಎರಡನ್ನೂ ಎಪ್ರನ್ನಿನ ಮರೆಯಲ್ಲಿಟ್ಟುಕೊಂಡು ಓದತೊಡಗಿದೆ. ಒಂದರಲ್ಲಿ ಹುಡುಗ ಮನೆಯ ಹೊಸಿಲು ದಾಟುತ್ತಾನೆ, ತಾಯಿ ಒಲೆಯ ಮುಂದಿನಿಂದ ಏಳುತ್ತಾಳೆ. ಇನ್ನೊಂದರಲ್ಲಿ ದೋಣಿ ಹತ್ತುತ್ತಾನೆ, ದಡ ಸಣ್ಣದಾಗುತ್ತದೆ. ಅರೆ, ಎರಡೂ ಇದೆಯಲ್ಲ! ಹಾಗಾದರೆ ಗೆದ್ದವರು ಯಾರು? ನಾನು ಇಂಗು ತಿಂದ ಮಂಗನ ಹಾಗೆ ಕೈಯಲ್ಲಿ ಒಂದೊಂದು ಹಿಡಿದುಕೊಂಡು ಕೂತಿದ್ದಾಗ ಬೆನ್ನ ಹಿಂದೆ, "ಏನದು, ಪಾರಾಯಣ?" ಎಂದು ಮೇಸ್ತ್ರಿಯ ದನಿ ಗುಡುಗಿತು. ನಾನು ಎರಡನ್ನೂ ಕಟ್ಟಿಗೆ ತುರುಕಿ, ಮೆಟ್ಟಿಲು ನೋಡದೆ, ಹೊಲಿದೇ ಹೊಲಿದೆ.

ಬಿಡುಗಡೆಯ ದಿನ ಪುಸ್ತಕ ಮನೆಗೆ ಬಂತು. ಹೆಂಡತಿ ಇಡೀ ದಿನ ಅಂಗಡಿಗೆ ರಜೆ ಹಾಕಿ ಓದಿದಳು. ಸಂಜೆ ನಾನು ಬಂದಾಗ ಪುಸ್ತಕವನ್ನು ಎದೆಗೆ ಅವಚಿಕೊಂಡು, ಮೂಗು ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ಬಂದ ರೀ. ಮನೆಗೆ ಬಂದ," ಎಂದಳು. ತನ್ನ ಸ್ವಂತ ಮಗ ಬಂದ ಹಾಗಿತ್ತು ಅವಳ ಮುಖ.

ಅಷ್ಟರಲ್ಲಿ ಮಗಳು ಲೈಬ್ರರಿಯಿಂದ ಓಡಿಬಂದಳು. ಅಮ್ಮ ಓದಿ ಮುಗಿಸುವವರೆಗೆ ಕಾಯಲಾರದೆ ಅಲ್ಲೇ ಕೂತು ಓದಿದ್ದಳು. "ಹೋದ ಅಪ್ಪಾ! ದೋಣಿ ಹತ್ತಿ ಹೋದ! ಕೊನೇ ಸಾಲೇ ಅದು!"

"ಏನೇ ಹೇಳ್ತಿದೀಯ? ಕೊನೇ ಸಾಲಲ್ಲಿ ತಾಯಿ ಬಾಗಿಲು ಹಾಕ್ತಾಳೆ, ಮಗ ಒಳಗಿದ್ದಾನೆ."

"ಅದು ಕೊನೇದಲ್ಲ ಅಮ್ಮಾ, ಅದಾದ ಮೇಲೆ ದೋಣಿ!"

"ದೋಣಿ ಆದ ಮೇಲೆ ಮನೆ!"

"ಮನೆ ಆದ ಮೇಲೆ ದೋಣಿ!"

"ನೀವು ಹೇಳ್ರೀ, ಕಟ್ಟಿದವರು ನೀವಲ್ವಾ?"

ನನಗೇನು ಗೊತ್ತು? ಯಾವುದನ್ನು ಮೊದಲು ಓದಿದ್ದೆ ಎಂಬುದೂ ಮರೆತುಹೋಗಿತ್ತು. "ಒಂದು ರೀತಿ ನೋಡಿದ್ರೆ ನೀನು ಹೇಳೋದೂ ಸರಿ. ಇನ್ನೊಂದು ರೀತಿ ನೋಡಿದ್ರೆ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಇಬ್ಬರೂ ಒಂದೇ ಸಲ ನನ್ನ ಮೇಲೆ ಬಿದ್ದರು. ಅತ್ತೆ ಮಾತ್ರ, "ಸಾಯ್ಲಿಲ್ಲ ಅಂತೀರಲ್ಲ, ಹಾಗಾದ್ರೆ ಕೆಮ್ಮು ಯಾಕೆ ಬರೆದ?" ಎಂದು ತಮ್ಮಷ್ಟಕ್ಕೆ ಚಿಂತಿಸುತ್ತಿದ್ದರು.

ಮರುದಿನ ಪ್ರೆಸ್ಸಿಗೆ ಹೋದವನು ಸೀದಾ ಮೇಜಿನ ಹತ್ತಿರ ಹೋದೆ. ಉಳಿದ ಗುಡ್ಡೆಗಳು ಇನ್ನೂ ಸಾಲಾಗಿದ್ದವು. ಕಟ್ಟಕಡೆಯ ಗುಡ್ಡೆ ದೋಣಿಯದು. ಅದರ ಹಿಂದಿನದು ಮನೆಯದು. ಇಡೀ ಲೋಕದಲ್ಲಿ ಹುಡುಗ ಮನೆಗೆ ಬಂದು ಆಮೇಲೆ ದೋಣಿ ಹತ್ತುತ್ತಾನೆ. ನನ್ನ ಮನೆಯ ಪ್ರತಿಯಲ್ಲಿ ಮಾತ್ರ ದೋಣಿ ಹತ್ತಿ ಆಮೇಲೆ ಮನೆಗೆ ಬರುತ್ತಾನೆ! "ಹೇಗಿತ್ತಯ್ಯಾ ಪುಸ್ತಕ, ಮನೆಯವರಿಗೆ ಹಿಡಿಸ್ತಾ?" ಎಂದು ಮೇಸ್ತ್ರಿ ಸಹಜವಾಗಿ ಕೇಳಿದ್ದಕ್ಕೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ.

ಸತ್ಯ ಹೇಳಬೇಕಿತ್ತು. ಆದರೆ ಹೇಳಿದರೆ ಹೆಂಡತಿ ಸೋಲುತ್ತಾಳೆ, ಮಗಳು ಹೋಗುತ್ತಾಳೆ, ಒಂದೂ ಪುಸ್ತಕ ತಪ್ಪಿ ಕಟ್ಟಿಲ್ಲ ಎಂಬ ನನ್ನ ಹೆಮ್ಮೆಯೂ ಹೋಗುತ್ತದೆ. ಹೇಳದಿದ್ದರೆ? ಮಗಳು ಇಲ್ಲೇ ಇರುತ್ತಾಳೆ, ಸಂಜೆ ನಾನು ಬರುವಾಗ ಗೇಟಿನ ಹತ್ತಿರವೇ ಇರುತ್ತಾಳೆ. ನಾನು ಬಾಯಿಗೆ ಗೋಂದು ಹಾಕಿಕೊಂಡೆ.

ವಿಚಿತ್ರವೆಂದರೆ ಎರಡೇ ದಿನಕ್ಕೆ ಮನೆಯಲ್ಲಿ ಜಗಳ ನಿಂತುಹೋಯಿತು. ಯಾರೂ ದೋಣಿಯ ಸುದ್ದಿ ಎತ್ತಲಿಲ್ಲ, ಹೊಸಿಲಿನ ಸುದ್ದಿ ಎತ್ತಲಿಲ್ಲ. ಹೆಂಡತಿ ಯಾರೋ ಗಿರಾಕಿಯದಂತೆ, ಒಂದು ನೀಲಿ ಕೋಟು ಹಿಡಿದುಕೊಂಡು ಕೂತುಬಿಟ್ಟಳು. ಮಗಳು ಗೋಡೆಗೆ ಅಂಟಿಸಿದ್ದ ತನ್ನ ಚಿತ್ರಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಸುರುಳಿ ಸುತ್ತಿಟ್ಟಳು. ಚಿತ್ರ ಬರೆಯುವುದನ್ನೇ ಬಿಟ್ಟುಬಿಡುತ್ತಾಳೋ ಏನೋ ಎಂದು ಅವಳ ಹಿಂದೆ ಹಿಂದೆಯೇ ಸುಳಿದಾಡಿದೆ. "ಏನಮ್ಮಾ ಇದು?" ಎಂದರೆ, "ಪಂದ್ಯ ಅಂದ್ರೆ ಪಂದ್ಯ ಅಲ್ವಾ ಅಪ್ಪಾ," ಎಂದಳು. ಅತ್ತೆಯವರು ಮಾತ್ರ ಊಟಕ್ಕೆ ಕೂತಾಗಲೆಲ್ಲ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ತಟ್ಟೆ ಹಾಕುವ ಹೊತ್ತಿಗೆ ತಡೆಯಲಾಗಲಿಲ್ಲ. "ನಿಲ್ಲಿಸಿ!" ಎಂದು ಕೂಗಿದೆ. (ಯಾರೂ ಏನೂ ಮಾಡುತ್ತಿರಲಿಲ್ಲ. ಆದರೂ ನಿಲ್ಲಿಸಿದರು.) ಪುಸ್ತಕ ತಂದು ಮೇಜಿನ ಮೇಲಿಟ್ಟು, ಚಾಕುವಿನಿಂದ ಸರ್ರನೆ ರಟ್ಟು ಬಿಡಿಸಿ, ಬೆನ್ನು ತೋರಿಸಿದೆ. ಕಪ್ಪು ಮೆಟ್ಟಿಲು ನೆಟ್ಟಗೆ ಇಳಿದುಬಂದು ಕಡೆಯಲ್ಲಿ ಎರಡು ಅದಲುಬದಲಾಗಿದ್ದವು. ಚಾಕು ತಾಗಿದ ಹೊಲಿಗೆ ಬಿಚ್ಚಿ ಫಾರಂಗಳು ಮೇಜಿನ ಮೇಲೆ ಹರಡಿಕೊಂಡವು.

"ನೋಡಿ! ತಪ್ಪು ನಂದು. ಅಸಲಿಗೆ ದೋಣಿಯೇ ಕೊನೆ. ಇವಳು ಗೆದ್ದಿದ್ದಾಳೆ. ಇವಳು ಹೋಗ್ಲಿ," ಎಂದೆ.

ಅಳು, ಆಕ್ರೋಶ, ಏನಾದರೂ ಬರುತ್ತದೆಂದು ಕಾದೆ. ಅತ್ತೆಯವರು ನನ್ನ ಹೆಂಡತಿಯತ್ತ ತಿರುಗಿ, "ನಾನು ಹೇಳ್ಲಿಲ್ವಾ? ಭಾನುವಾರ ಊಟಕ್ಕೆ ಮುಂಚೆ ಆಗೇ ಆಗುತ್ತೆ ಅಂತ? ಬುಧವಾರದಿಂದ ನೋವು ತಿಂತಿದ್ದಾರೆ ಅಳಿಯಂದಿರು. ಈ ಮುಖ ನಾನು ಎಷ್ಟು ನೋಡಿಲ್ಲ?" ಎಂದರು.

"ಒಪ್ಪಿಕೊಳ್ಳೋದೇ ಇಲ್ಲ ಅಂತ ನಾನು ಅಂದ್ಕೊಂಡಿದ್ದೆ," ಎಂದಳು ಹೆಂಡತಿ ಬೇಸರದಿಂದ. "ನಾಡಿದ್ದು ಅಂತ ಇವಳು."

ಪುಸ್ತಕ ಮುಗಿದಿತ್ತು ನೋಡಿ, ಊಹೆ ಮಾಡುವುದಕ್ಕೆ ಅವರಿಗೆ ಬೇರೆ ಕಥೆ ಬೇಕಾಗಿತ್ತು. ನಾನೇ ಸಿಕ್ಕಿದ್ದೆ. ನಾನು ಯಾವಾಗ ಬಾಯಿಬಿಡುತ್ತೇನೆ ಎಂದು ಪಾತ್ರೆ ತೊಳೆಯುವ ಪಂದ್ಯ ಕಟ್ಟಿದ್ದರು. "ಅಂದ್ರೆ... ಗೊತ್ತಿತ್ತಾ?"

"ಓದಿದ ದಿನವೇ," ಎಂದಳು ಹೆಂಡತಿ. "ದೋಣಿ ಹತ್ತುವಾಗ ಹೊಸ ಅಂಗಿ, ಕಾಲರಿಗೆ ಎರಡು ಸಾಲು ಹೊಲಿಗೆ. ಮನೆಗೆ ಬರುವಾಗ ಮೊಣಕೈ ಹರಿದ ಹಳೇ ಅಂಗಿ. ಮನೆಗೆ ಬಂದ ಮೇಲೆ ತಾನೇ ತಾಯಿ ಹೊಸದು ಹೊಲಿದುಕೊಟ್ಟಿರೋದು? ಅಷ್ಟೂ ತಿಳಿಯಲ್ವಾ ನನಗೆ?"

"ನಾನು ಲೈಬ್ರರಿ ಪ್ರತಿ ತಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ದೆ," ಎಂದಳು ಮಗಳು. "ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ ಅಪ್ಪಾ."

"ಮತ್ತೆ ನೀನ್ಯಾಕೆ ಹೇಳಲಿಲ್ಲ?" ಎಂದೆ ಹೆಂಡತಿಗೆ.

ಅವಳು ಮಷೀನಿನತ್ತ ನೋಡಿದಳು. "ಗೆದ್ದಿದ್ದೆನಲ್ಲ ರೀ. ಎರಡು ದಿನ ಗೆದ್ದುಕೊಂಡು ಇರೋಣ ಅನ್ನಿಸ್ತು. ಆಮೇಲೆ ಇನ್ನೊಂದು ಸಲ ಓದಿದೆ. ನಮ್ಮ ಪ್ರತೀಲೂ ಅವನು ದೋಣಿ ಹತ್ತೇ ಹತ್ತುತ್ತಾನೆ. ಹೋಗಿ, ವಾಪಸ್ ಬರ್ತಾನೆ. ಹೋಗದೇ ಇದ್ರೆ ಬರೋದೆಲ್ಲಿಂದ?" ಎಂದು ಎದ್ದು, ಮಷೀನಿನ ಮೇಲಿದ್ದ ನೀಲಿ ಕೋಟು ತಂದು ಮಗಳಿಗೆ ತೊಡಿಸಿದಳು. ಗಿರಾಕಿ ಯಾರೆಂದು ಆಗ ತಿಳಿಯಿತು. ತೋಳು ಬೆರಳು ಮುಚ್ಚುವಷ್ಟಿತ್ತು. "ಉದ್ದವೇ ಇರ್ಲಿ. ಇನ್ನೂ ಬೆಳೀತಾಳೆ," ಎಂದಳು.

ಎಲ್ಲರೂ ಎಲ್ಲವನ್ನೂ ನಿಶ್ಚಯಿಸಿ, ಟಿಕೆಟ್ಟನ್ನೂ ತೆಗೆಸಿಯಾಗಿತ್ತು. ನನಗೆ ಅಳು ಬಂತು. ಅದನ್ನು ಮರೆಸಲು ಗೋಂದಿನ ಡಬ್ಬಿ ಹುಡುಕುತ್ತಿದ್ದಾಗ ಹೆಂಡತಿ ಎಂದಿನ ಸ್ವರಕ್ಕೆ ಬಂದಳು.

"ಅಲ್ರೀ, ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ಪುಸ್ತಕ ಯಾಕೆ ಹರಿದ್ರಿ? ವಾಪಸ್ ಕಟ್ಟಿ. ಮೊದಲಿದ್ದ ಹಾಗೇ ಕಟ್ಟಬೇಕು, ದೋಣಿ ಮೊದಲು, ಮನೆ ಆಮೇಲೆ."

"ಏನು? ಗೊತ್ತಿದ್ದೂ ತಪ್ಪಾಗಿ ಕಟ್ಟೋದಾ? ನನ್ನ ಕಸುಬಿನ ಮಾನ ಏನಾಗ್ಬೇಕು?"

"ಮಾನವಂತೆ ಮಾನ! ಮೇಜಿನ ಮೇಲೆ ಹರಡಿಕೊಂಡಿದೆ ನೋಡಿ, ಬಾಚಿಕೊಳ್ಳಿ. ಆಮೇಲೆ ನಿಮ್ಮಿಂದ ಪಂದ್ಯ ಸೋತಿದೀನಿ, ಈ ವಾರದ ಪಾತ್ರೆ ತೊಳೆಯೋದು ನಿಮ್ಮದೇ."

ಮಗಳು ಹೊರಡುವ ದಿನ ಬೆಳಿಗ್ಗೆ ಕಟ್ಟಲು ಕೂತೆ. ಒಳಗೆ ಅವಳು ಪೆಟ್ಟಿಗೆ ತುಂಬುತ್ತಿದ್ದಳು, ಲೈಬ್ರರಿಯವರಿಗೆ ಪುಸ್ತಕ ವಾಪಸ್ ಕೊಡುವಂತೆ ಅಜ್ಜಿಗೆ ಹೇಳುತ್ತಿದ್ದಳು, ಚೌಕಟ್ಟಿನ ಹತ್ತಿರ ನಿಂತು ಕೊನೆಯ ಗೆರೆ ಹಾಕಿಸಿಕೊಂಡಳು. ನನಗೆ ಸೂಜಿ ಕಾಣುತ್ತಿರಲಿಲ್ಲ, ದಾರ ಕಾಣುತ್ತಿರಲಿಲ್ಲ. ಹೇಗೋ ಹೊಲಿದು, ಬಳಿದು, ರಟ್ಟು ಹಾಕಿ, ಸ್ಟೇಷನ್ನಿಗೆ ಓಡಿದೆ. ರೈಲು ಹೊರಟಾಗ ಕಿಟಕಿಯಿಂದ ಒಂದು ಉದ್ದ ನೀಲಿ ತೋಳು ಬಹಳ ಹೊತ್ತು ಬೀಸುತ್ತಿತ್ತು.

ಸಂಜೆ ಹೆಂಡತಿ ಗಂಭೀರವಾಗಿ ಕೂತು ಪುಸ್ತಕ ತೆಗೆದಳು. ಕೊನೆಯ ಅಧ್ಯಾಯಕ್ಕೆ ಹೋದಳು. ಕತ್ತು ಓರೆ ಮಾಡಿದಳು. ಪುಸ್ತಕ ಓರೆ ಮಾಡಿದಳು. ಆಮೇಲೆ ನನ್ನನ್ನು ನೋಡಿದಳು.

ಸರದಿ ಸರಿಯಾಗಿಯೇ ಇತ್ತು, ಅಂದರೆ ಅವಳು ಹೇಳಿದಷ್ಟೇ ತಪ್ಪಾಗಿತ್ತು. ಆದರೆ ಮನೆಗೆ ಬರುವ ಆ ಫಾರಮನ್ನು ನಾನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದೆ. ಹುಡುಗ ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡು ಹೊಸಿಲು ದಾಟುತ್ತಿದ್ದ.

"ಇದೊಂದು ನೆಟ್ಟಗೆ ಬರೋ ಹಾಗೆ ಮಾಡೋಕಾಗ್ಲಿಲ್ವಾ ನಿಮ್ಮ ಕೈಲಿ?" ಎಂದು ಹೆಂಡತಿ ಅಳುವುದೋ ಬೈಯುವುದೋ ತಿಳಿಯದೆ ಕೇಳಿದಳು.

ಅತ್ತೆಯವರು ಕನ್ನಡಕ ಹಾಕಿಕೊಂಡು ಪುಸ್ತಕ ಈಸಿಕೊಂಡರು. ಬಹಳ ಅನುಭವದ ಕೈಯಿಂದ ಅದನ್ನು ಮೆಲ್ಲಗೆ ತಿರುಗಿಸಿ ಹಿಡಿದರು. ಹಾಗೆ ಹಿಡಿದಾಗ ಹಿಂದಿನ ರಟ್ಟೇ ಮುಂದಾಗಿ, ಅದನ್ನು ತೆಗೆದ ತಕ್ಷಣ, ಮೊದಲ ಪುಟದಲ್ಲೇ, ನೆಟ್ಟಗೆ, ಹುಡುಗ ಮನೆಗೆ ಬಂದು ನಿಂತಿದ್ದ.

"ಬಿಡೇ," ಎಂದರು. "ಮಕ್ಕಳು ಬರೋದೇ ತಲೆ ಕೆಳಗಾಗಿ. ಇಷ್ಟು ವರ್ಷದಲ್ಲಿ ನಿನ್ನ ಗಂಡ ಕಟ್ಟಿದ್ದರಲ್ಲಿ ಸರಿಯಾಗಿರೋದು ಇದೊಂದೇ."